ಓಡುವ ವಿದ್ಯೆ, ನಿಲ್ಲುವ ವಿದ್ಯೆ

ವೇಗದ ಚರಿತ್ರೆಯನ್ನು ಬರೆದವರು ಬಹಳ ಮಂದಿ ಇದ್ದಾರೆ. ಯಾವ ವರ್ಷ ಯಾವ ವಾಹನ ಗಂಟೆಗೆ ಎಷ್ಟು ಕಿಲೋಮೀಟರು ಓಡಿತು, ಓಡಿಸಿದವನು ಯಾರು, ಅವನ ಗಡ್ಡದ ಬಣ್ಣ ಯಾವುದು ಎಂಬುದೆಲ್ಲ ಪುಸ್ತಕಗಳಲ್ಲಿ ದೊರೆಯುತ್ತದೆ. ಆದರೆ ಹಾಗೆ ಓಡಿದ ವಾಹನ ಆಮೇಲೆ ಹೇಗೆ ನಿಂತಿತು, ಎಷ್ಟು ದೂರದಲ್ಲಿ ನಿಂತಿತು ಎಂಬುದನ್ನು ಬರೆದಿಡುವ ವ್ಯವಧಾನ ಹೆಚ್ಚಿನವರಿಗೆ ಇದ್ದಂತೆ ಕಾಣುವುದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಭೌತವಿಜ್ಞಾನವನ್ನು ಬೋಧಿಸಿದ ನನ್ನನ್ನು ಈ ಕೊರತೆ ಮೊದಲಿನಿಂದಲೂ ಕಾಡುತ್ತಿತ್ತು. ವೇಗವಾಗಿ ಓಡುವ, ಭಾರವಾದ ವಿದ್ಯುತ್ ಕಾರುಗಳ ಮಟ್ಟಿಗಾದರೂ ಅದನ್ನು ಸ್ವಲ್ಪ ತುಂಬಲು ಈ ಲೇಖನದಲ್ಲಿ ಯತ್ನಿಸಿದ್ದೇನೆ.

ಈಗ ಈ ವಿಷಯವೇಕೆ ಎಂದು ಓದುಗ ಮಿತ್ರರು ಕೇಳಬಹುದು. ಕಾರಣ ನಮ್ಮ ಮನೆಯ ಟೀವಿ ಪರದೆ. ಪಿಯುಸಿ ಓದುತ್ತಿರುವ ಮೊಮ್ಮಗ ರಜೆಗೆ ಬಂದಾಗಲೆಲ್ಲ ಅದರ ಮೇಲೆ 'ಗ್ರಾನ್ ಟುರಿಸ್ಮೊ' ಎಂಬ ಕಾರು ಪಂದ್ಯದ ವಿಡಿಯೋ ಆಟ ನಡೆಯುತ್ತದೆ. ಒಂದು ದಿನ ಪೋರ್ಷೆ ಟೈಕಾನ್ ಎಂಬ ವಿದ್ಯುತ್ ಕಾರನ್ನು ಓಡಿಸುತ್ತಿದ್ದವನು ಒಂದೇ ತಿರುವಿನಲ್ಲಿ ಮೂರು ಸಲ ದಾರಿ ಬಿಟ್ಟು ಮರಳಿಗಿಳಿದ. "ತಾತ, ಇದು ನೇರ ದಾರಿಯಲ್ಲಿ ಹುಲಿ, ತಿರುವಿನಲ್ಲಿ ಎಮ್ಮೆ" ಎಂದು ಬೇಸರಿಸಿಕೊಂಡ. ಒಂದೂಕಾಲು ಶತಮಾನದ ಚರಿತ್ರೆಯನ್ನು ಹುಡುಗ ಅರಿಯದೆಯೇ ಒಂದು ವಾಕ್ಯಕ್ಕೆ ಇಳಿಸಿಬಿಟ್ಟನಲ್ಲ ಎಂದು ನನಗೆ ಬೆರಗಾಯಿತು.

ಮೊದಲು ಹುಲಿಯ ಕಥೆಯನ್ನು ನೋಡೋಣ. ಮೋಟಾರು ವಾಹನಗಳ ವೇಗದ ದಾಖಲೆಯನ್ನು ಬರೆದಿಡುವ ಸಂಪ್ರದಾಯ ಆರಂಭವಾದದ್ದೇ ವಿದ್ಯುತ್ ಕಾರಿನಿಂದ ಎಂಬುದು ಇಂದಿನ ಎಷ್ಟೋ ಜನರಿಗೆ ಆಶ್ಚರ್ಯ ತರುವ ಸಂಗತಿ. 1898ರ ಡಿಸೆಂಬರ್ 18ರಂದು ಪ್ಯಾರಿಸಿನ ಸಮೀಪದ ಆಶೇರ್ ಎಂಬಲ್ಲಿನ ನೇರ ರಸ್ತೆಯಲ್ಲಿ ಗಾಸ್ತೋಂ ದ ಶಾಸ್‌ಲೂ-ಲೋಬಾ ಎಂಬ ಫ್ರೆಂಚ್ ಶ್ರೀಮಂತನು ಝಾಂತೋ ಕಂಪನಿಯ ವಿದ್ಯುತ್ ಕಾರಿನಲ್ಲಿ ಒಂದು ಕಿಲೋಮೀಟರನ್ನು 57 ಸೆಕೆಂಡುಗಳಲ್ಲಿ ಕ್ರಮಿಸಿದನು. ಗಂಟೆಗೆ 63.15 ಕಿ.ಮೀ. ವೇಗವಾಯಿತು. ಬೆಲ್ಜಿಯಂ ದೇಶದ ಕಮೀಯ್ ಜೆನಾಟ್ಸಿ ಎಂಬ ಎಂಜಿನಿಯರನಿಗೆ ಇದು ಸಹನೆಯಾಗಲಿಲ್ಲ. ಅವನೂ ವಿದ್ಯುತ್ ಗಾಡಿಗಳ ತಯಾರಕನೇ. ಕೆಂಪು ಗಡ್ಡದ ಕಾರಣದಿಂದ ಅವನಿಗೆ 'ಕೆಂಪು ದೆವ್ವ' ಎಂಬ ಅಡ್ಡಹೆಸರು ಬಂದಿತ್ತು. 1899ರ ಜನವರಿಯಿಂದ ಇಬ್ಬರಲ್ಲೂ ಜಿದ್ದು ಬೆಳೆಯಿತು. ಇವನು 66.66 ಎಂದರೆ ಅವನು 70.31 ಎಂದನು. ಇವನು 80.35ಕ್ಕೆ ಏರಿಸಿದರೆ ಅವನು ಮಾರ್ಚ್ ತಿಂಗಳಲ್ಲಿ 92.78ಕ್ಕೆ ಕೊಂಡೊಯ್ದನು.

ಕೊನೆಗೆ ಜೆನಾಟ್ಸಿ ಇದಕ್ಕೆಂದೇ ಒಂದು ಹೊಸ ಗಾಡಿಯನ್ನು ಕಟ್ಟಿಸಿದನು. ಹಗುರ ಮಿಶ್ರಲೋಹದ, ಚುಟ್ಟದ ಆಕಾರದ ಮೈ, ಅದರ ಮೇಲೆ ಎದೆಯವರೆಗೂ ಹೊರಗೆ ಕಾಣುವಂತೆ ಕುಳಿತ ಚಾಲಕ, ಎರಡು ಮೋಟಾರು, ಒಳಗೆಲ್ಲ ಬ್ಯಾಟರಿ. ಅದಕ್ಕಿಟ್ಟ ಹೆಸರು 'ಲಾ ಜಮೇ ಕೊಂತಾಂತ್', ಎಂದರೆ 'ಎಂದಿಗೂ ತೃಪ್ತಳಲ್ಲ'. 1899ರ ಏಪ್ರಿಲ್ 29ರಂದು ಅದೇ ಆಶೇರ್ ರಸ್ತೆಯಲ್ಲಿ ಅದು ಒಂದು ಕಿಲೋಮೀಟರನ್ನು 34 ಸೆಕೆಂಡಿನಲ್ಲಿ ಮುಗಿಸಿತು. 3600ನ್ನು 34ರಿಂದ ಭಾಗಿಸಿ ನೋಡಿ: ಗಂಟೆಗೆ 105.88 ಕಿ.ಮೀ.! ರಸ್ತೆಯ ವಾಹನವೊಂದು ನೂರರ ಗಡಿಯನ್ನು ದಾಟಿದ್ದು ಅದೇ ಮೊದಲು. ಈ ದಾಖಲೆಯನ್ನು ಮುರಿಯಲು 1902ರವರೆಗೆ ಕಾಯಬೇಕಾಯಿತು, ಮುರಿದದ್ದೂ ಪೆಟ್ರೋಲ್ ಕಾರಲ್ಲ, ಲೇಯೋಂ ಸೆರ್ಪೊಲೆಯ ಹಬೆ ಕಾರು. ಜೆನಾಟ್ಸಿಯ ಗಾಡಿ ಇಂದಿಗೂ ಫ್ರಾನ್ಸಿನ ಕೊಂಪಿಯೇನ್ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಆ ಗಾಡಿಯ ತೂಕ. ಹಗುರ ಲೋಹದ ಮೈ ಇದ್ದರೂ ಒಟ್ಟು ತೂಕ ಸುಮಾರು ಒಂದೂವರೆ ಟನ್ನಿಗೆ ಮುಟ್ಟಿತ್ತು. ಇದಕ್ಕೆ ಮುಖ್ಯ ಕಾರಣ ಸೀಸದ ಬ್ಯಾಟರಿ. ಎರಡನೆಯದು, ಓಟದ ಸ್ವರೂಪ. ಗಡಿಯಾರ ಅಳೆದದ್ದು ನಡುವಿನ ಒಂದು ಕಿಲೋಮೀಟರನ್ನು ಮಾತ್ರ. ಅದಕ್ಕೆ ಮುಂಚೆ ವೇಗ ಕೂಡಿಸಲು ಬೇಕಾದಷ್ಟು ರಸ್ತೆ, ಆಮೇಲೆ ನಿಲ್ಲಲು ಬೇಕಾದಷ್ಟು ರಸ್ತೆ. ತಿರುವೆಂಬುದು ಇಲ್ಲವೇ ಇಲ್ಲ. ಎಮ್ಮೆಯ ಗುಣ ಹೊರಬೀಳುವ ಪ್ರಸಂಗವೇ ಅಲ್ಲಿ ಬರಲಿಲ್ಲ.

ಮರುವರ್ಷ ಈ ಭಾರದ ಸಮಸ್ಯೆ ಇನ್ನೂ ಸ್ಪಷ್ಟವಾಯಿತು. ವಿಯೆನ್ನಾದ ಲೋನರ್ ಕಂಪನಿಯಲ್ಲಿದ್ದ ತರುಣ ಎಂಜಿನಿಯರ್ ಫರ್ಡಿನಾಂಡ್ ಪೋರ್ಷೆ ಚಕ್ರದ ಗುಂಬದೊಳಗೇ ಮೋಟಾರನ್ನು ಕೂರಿಸಿದ ವಿದ್ಯುತ್ ಕಾರುಗಳನ್ನು 1900ರಲ್ಲಿ ಹೊರತಂದನು. ಇಂಗ್ಲೆಂಡಿನ ಗಿರಾಕಿಯೊಬ್ಬನಿಗಾಗಿ ನಾಲ್ಕು ಚಕ್ರಗಳಿಗೂ ನಾಲ್ಕು ಮೋಟಾರುಗಳಿದ್ದ ಒಂದು ಕಾರನ್ನು ಕಟ್ಟಿದನು. ಜೆನಾಟ್ಸಿಯ ಗಾಡಿಯನ್ನು ಅಣಕಿಸುವಂತೆ ಅದರ ಹೆಸರು 'ಲಾ ತೂಜೂರ್ ಕೊಂತಾಂತ್', 'ಸದಾ ತೃಪ್ತಳು'. ಅದರ ಬ್ಯಾಟರಿಯೊಂದರ ತೂಕವೇ ಸುಮಾರು 1800 ಕಿಲೋಗ್ರಾಂ! ಹೆಸರಿಗೆ ತೃಪ್ತಳಾದರೂ ಅಷ್ಟು ಭಾರವನ್ನು ಹೊತ್ತು ಏರು ಹತ್ತುವುದು ಸುಲಭವಾಗಿರಲಿಲ್ಲ. ಪೆಟ್ರೋಲ್ ಕಾರು ಹಗುರವಾಗಿತ್ತು, ದೂರ ಓಡುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಕೈಯಿಂದ ಹಿಡಿ ತಿರುಗಿಸುವ ಕಷ್ಟವೂ ತಪ್ಪಿತು. ವಿದ್ಯುತ್ ಕಾರು ಮೂಲೆಗೆ ಸರಿಯಿತು.

ಈಗ ಎಮ್ಮೆಯ ಮಾತಿಗೆ ಬರೋಣ. ಭಾರವಾದ ಕಾರು ನಿಲ್ಲಲು ಹೆಚ್ಚು ದೂರ ಬೇಕು ಎಂದು ಸಾಮಾನ್ಯ ಜ್ಞಾನ ಹೇಳುತ್ತದೆ. ಆದರೆ ತರಗತಿಯಲ್ಲಿ ಲೆಕ್ಕ ಬಿಡಿಸುವ ಚುರುಕು ವಿದ್ಯಾರ್ಥಿ ಎದ್ದು ನಿಂತು ಇದನ್ನು ಅಲ್ಲಗಳೆಯಬಲ್ಲನು. ನಿಲ್ಲಿಸುವ ಬಲ ಬರುವುದು ಟೈರು ಮತ್ತು ರಸ್ತೆಯ ನಡುವಣ ಘರ್ಷಣೆಯಿಂದ. ಕಾರಿನ ಭಾರ ಇಮ್ಮಡಿಯಾದರೆ ಜಡತ್ವವೂ ಇಮ್ಮಡಿಯಾಗುತ್ತದೆ, ಘರ್ಷಣೆಯ ಬಲವೂ ಇಮ್ಮಡಿಯಾಗುತ್ತದೆ. ಸಮೀಕರಣದ ಎರಡು ಕಡೆಯೂ ಬಂದ ದ್ರವ್ಯರಾಶಿ ಹೊಡೆದುಹೋಗುತ್ತದೆ. ಘರ್ಷಣಾಂಕ ಒಂದು ಎಂದಿಟ್ಟುಕೊಂಡರೆ ಗಂಟೆಗೆ ನೂರು ಕಿ.ಮೀ. ವೇಗದಲ್ಲಿರುವ ಯಾವ ಕಾರೇ ಆಗಲಿ ಸುಮಾರು 39 ಮೀಟರಿನಲ್ಲಿ ನಿಲ್ಲಬೇಕು, ಅದು ಆನೆಯ ತೂಕದ್ದಿರಲಿ, ಆಡಿನ ತೂಕದ್ದಿರಲಿ! ಪುಸ್ತಕದ ಪ್ರಕಾರ ಹುಡುಗನ ಮಾತು ಸರಿ. ಹಾಗಾದರೆ ಎಮ್ಮೆ ಎಲ್ಲಿಂದ ಬಂತು?

ಒಂದು ಕಾರಣ ಟೈರಿನ ಸ್ವಭಾವ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಹಿಡಿತ ಸರಿಯಾಗಿ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯಾಗಿಯೇ ಉಳಿಯುತ್ತದೆ. ಒಂದು ಮೂಟೆ ಹೊತ್ತು ನಾಲ್ಕು ಮೈಲಿ ನಡೆಯುವ ಆಳು ಎರಡು ಮೂಟೆ ಹೊತ್ತು ಎರಡೇ ಮೈಲಿಗೆ ಕುಸಿಯುವುದುಂಟಲ್ಲವೇ, ಹಾಗೆ. ತಿರುವಿನಲ್ಲಿ ಹೊರಬದಿಯ ಟೈರುಗಳ ಮೇಲೆ ಭಾರ ಇನ್ನಷ್ಟು ಬೀಳುವುದರಿಂದ ನಷ್ಟ ಅಲ್ಲಿಯೇ ಹೆಚ್ಚು. ಅದೂ ಅಲ್ಲದೆ ಟೈರಿಗಿರುವುದು ಒಂದೇ ಗಂಟು ಹಣ. ಅದನ್ನು ನಿಲ್ಲಿಸಲು ಖರ್ಚು ಮಾಡಿದರೆ ತಿರುಗಿಸಲು ಉಳಿಯುವುದಿಲ್ಲ. ತಿರುವಿನ ನಡುವೆ ಬ್ರೇಕು ಒತ್ತಿದ ಭಾರದ ಕಾರು ಚಕ್ರ ತಿರುಗಿದ ಕಡೆಗೆ ಹೋಗದೆ ನೇರವಾಗಿ ಮರಳಿಗೆ ಇಳಿಯುವುದು ಇದರಿಂದಲೇ.

ಇನ್ನೊಂದು ಕಾರಣ ಶಾಖ. ಟೈರಿನ ಲೆಕ್ಕದಲ್ಲಿ ಹೊಡೆದುಹೋದ ದ್ರವ್ಯರಾಶಿ ಬ್ರೇಕಿನ ಲೆಕ್ಕದಲ್ಲಿ ಹಾಗೆಯೇ ಉಳಿದುಕೊಳ್ಳುತ್ತದೆ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರು, ಲೆಕ್ಕಕ್ಕೆ ಅನುಕೂಲ. ಸುಮಾರು 2300 ಕಿಲೋಗ್ರಾಂ ತೂಗುವ ಟೈಕಾನ್ ಟರ್ಬೊ ಎಸ್ ಕಾರಿನ ಚಲನಶಕ್ತಿ ಆಗ ಸುಮಾರು 29 ಲಕ್ಷ ಜೂಲ್. ಒಂದು ಟನ್ನಿನ ಆಸುಪಾಸಿನಲ್ಲಿರುವ ಮಾಜ್ದಾ ಎಮ್‌ಎಕ್ಸ್-5 ಎಂಬ ಪುಟ್ಟ ಕಾರಿನದು ಸುಮಾರು 12.5 ಲಕ್ಷ ಜೂಲ್. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಸಲ ನಿಲ್ಲಿಸಿದಾಗ ಹುಟ್ಟುವ ಶಾಖದಲ್ಲಿ ಪುಟ್ಟ ಕಾರು ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ದೊಡ್ಡದು ಒಂಬತ್ತು ಲೀಟರನ್ನು. ಪಂದ್ಯದ ಪ್ರತಿ ಸುತ್ತಿನಲ್ಲಿ ಇಂಥ ಏಳೆಂಟು ತಿರುವುಗಳಿದ್ದರೆ ಬ್ರೇಕಿನ ಬಿಲ್ಲೆಗಳ ಗತಿ ಏನಾದೀತು ಎಂದು ಊಹಿಸಿಕೊಳ್ಳಿ. ಮೊದಲ ಸುತ್ತಿನಲ್ಲಿ ಹಿಡಿದ ಬ್ರೇಕು ಐದನೆಯ ಸುತ್ತಿನಲ್ಲಿ ಜಾರುವುದು ಇಲ್ಲಿಯೇ.

ಹಾಗೆಂದು ವಿದ್ಯುತ್ ಕಾರಿನ ಪರವಾಗಿ ಹೇಳಲು ಏನೂ ಇಲ್ಲವೆಂದಲ್ಲ. ಬ್ಯಾಟರಿ ನೆಲಗಟ್ಟಿನಲ್ಲಿ ಹರಡಿಕೊಂಡಿರುವುದರಿಂದ ಗುರುತ್ವಕೇಂದ್ರ ಬಹಳ ಕೆಳಗಿರುತ್ತದೆ. ಅಷ್ಟೇ ತೂಕದ ಎತ್ತರದ ಪೆಟ್ರೋಲ್ ಕಾರಿಗಿಂತ ಅದು ತಿರುವಿನಲ್ಲಿ ಕಡಿಮೆ ವಾಲುತ್ತದೆ. ಅದಕ್ಕಿಂತ ದೊಡ್ಡ ವರ ಇನ್ನೊಂದಿದೆ. ಓಡಿಸುವ ಮೋಟಾರೇ ನಿಲ್ಲಿಸುವ ಸಾಧನವೂ ಆಗಬಲ್ಲುದು. ಮೋಟಾರನ್ನು ಚಕ್ರವೇ ತಿರುಗಿಸುವಂತೆ ಮಾಡಿದರೆ ಅದು ಡೈನಮೋ ಆಗಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ, ಗಾಡಿಯ ವೇಗ ತಗ್ಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಲಾರಿಯ ಚಾಲಕ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಇದು ಅದರ ದಾಯಾದಿ. ಆದರೆ ಇಲ್ಲಿ ಶಕ್ತಿ ವ್ಯರ್ಥವಾಗುವುದಿಲ್ಲ.

ಈ ಉಪಾಯ ಇಂದಿನದೆಂದು ಹಲವರು ಭಾವಿಸಿದ್ದಾರೆ. 1890ರ ದಶಕದಲ್ಲಿಯೇ ಪ್ಯಾರಿಸಿನ ಲೂಯಿ ಕ್ರೀಗರ್ ತನ್ನ ವಿದ್ಯುತ್ ಬಾಡಿಗೆ ಗಾಡಿಗಳಲ್ಲಿ ಇದನ್ನು ಅಳವಡಿಸಿದ್ದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕೆಲವು ಊರುಗಳ ಟ್ರಾಮುಗಳಲ್ಲಿ ರಾವರ್ತ್ ಪದ್ಧತಿ ಎಂಬ ಹೆಸರಿನಲ್ಲಿ ಇದು ಬಳಕೆಗೆ ಬಂತು. ರಾಟನ್‌ಸ್ಟಾಲ್ ಎಂಬಲ್ಲಿ ನಡೆದ ಗಂಭೀರ ಅಪಘಾತದ ಬಳಿಕ 1911ರಲ್ಲಿ ಅಲ್ಲಿನ ಸರಕಾರಿ ಇಲಾಖೆ ಅದನ್ನು ತಡೆಹಿಡಿಯಿತು. ನಮ್ಮ ದೇಶದಲ್ಲಿಯೂ ಇದಕ್ಕೆ ಹಳೆಯ ಉದಾಹರಣೆ ಉಂಟು. ಮುಂಬಯಿ-ಪುಣೆ ದಾರಿಯ ಭೋರ್ ಘಟ್ಟದಲ್ಲಿ ಇಳಿಜಾರು 37 ಅಡಿಗೆ ಒಂದು ಅಡಿಯಷ್ಟು ಕಡಿದು. ಅಲ್ಲಿಗಾಗಿ 1928ರಲ್ಲಿ ಬಂದ ವಿದ್ಯುತ್ ಎಂಜಿನ್ನುಗಳು, ಮರಾಠಿ ಜನ 'ಖೇಕಡಾ' ಅಥವಾ ಏಡಿ ಎಂದು ಕರೆದವು, ಇಳಿಯುವಾಗ ವಿದ್ಯುತ್ತನ್ನು ತಂತಿಗೆ ಹಿಂತಿರುಗಿಸುತ್ತಿದ್ದವು.

ಆದರೆ ಈ ವರಕ್ಕೂ ಒಂದು ಮಿತಿಯಿದೆ. 2019ರಲ್ಲಿ ಬಂದ ಟೈಕಾನ್‌ನ ಮೋಟಾರುಗಳು ಹೆಚ್ಚೆಂದರೆ 265 ಕಿಲೋವ್ಯಾಟ್ ದರದಲ್ಲಿ ಶಕ್ತಿಯನ್ನು ಹಿಂಪಡೆಯಬಲ್ಲವು. ದಿನನಿತ್ಯದ ಬ್ರೇಕಿನಲ್ಲಿ ಶೇಕಡ 90ರಷ್ಟನ್ನು ಮೋಟಾರೇ ನಿರ್ವಹಿಸುತ್ತದೆ ಎಂದು ತಯಾರಕರು ಹೇಳಿದ್ದರು. ಲೆಕ್ಕಕ್ಕೂ ಅದು ಒಪ್ಪುತ್ತದೆ, ಏಕೆಂದರೆ ನೂರರ ವೇಗದಿಂದ ನಿಧಾನವಾಗಿ ತಗ್ಗಿಸಿದರೆ ಬೇಕಾಗುವುದು ಇನ್ನೂರು ಕಿಲೋವ್ಯಾಟಿನ ಒಳಗೆ. ಆದರೆ ಪಂದ್ಯದಲ್ಲಿ ಮಾಡುವಂತೆ 180ರಿಂದ ಐದೇ ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ ಸರಾಸರಿ 575 ಕಿಲೋವ್ಯಾಟ್ ಬೇಕು. ಉಳಿದರ್ಧಕ್ಕಿಂತ ಹೆಚ್ಚನ್ನು ಹಳೆಯ ಬಿಲ್ಲೆಯ ಬ್ರೇಕೇ ನುಂಗಬೇಕು. ಪೇಟೆಯ ಬೀದಿಯಲ್ಲಿ ಸಾಧುವಾಗಿರುವ ಕಾರು ಪಂದ್ಯದ ಹಾದಿಯಲ್ಲಿ ಮಾತು ಕೇಳದಿರುವುದಕ್ಕೆ ಕಾರಣ ಇದು.

ಇನ್ನು ಆಟಗಳ ಚರಿತ್ರೆ. 1974ರಲ್ಲಿ ಅಮೆರಿಕದ ಅಟಾರಿ ಕಂಪನಿ 'ಗ್ರಾನ್ ಟ್ರಾಕ್ 10' ಎಂಬ ಕಾರಿನ ಆಟದ ಯಂತ್ರವನ್ನು ತಂದಾಗ ಅದಕ್ಕೆ ತಿರುಗಿಸುವ ಚಕ್ರ, ಗೇರು, ವೇಗದ ಪೆಡಲು ಇವುಗಳ ಜೊತೆಗೆ ಬ್ರೇಕಿನ ಪೆಡಲೂ ಇತ್ತು. ವೇಗದ ದಾಖಲೆ ಬರೆದವರು ಮರೆತದ್ದನ್ನು ಆಟ ಮಾಡಿದವರು ಮೊದಲ ದಿನವೇ ನೆನಪಿಟ್ಟಿದ್ದರು. 1982ರ 'ಪೋಲ್ ಪೊಸಿಷನ್' ಜಪಾನಿನ ಫುಜಿ ಪಂದ್ಯದ ಹಾದಿಯನ್ನೇ ತೋರಿಸಿತು. ಆದರೆ ಅದರ ಕಾರಿಗೆ ತೂಕವಿದೆ ಎಂದು ಆಡುವವನಿಗೆ ಅನಿಸುತ್ತಿರಲಿಲ್ಲ. 1989ರ 'ಹಾರ್ಡ್ ಡ್ರೈವಿನ್' ಎಂಬ ಆಟದಲ್ಲಿ ಪರಿಸ್ಥಿತಿ ಬದಲಾಯಿತು. ಅದರ ಕಾರಿನ ಚಲನೆಯನ್ನು ಗಣಿತದಿಂದಲೇ ಬಿಡಿಸಲಾಗಿತ್ತು. ವಾಹನ ಚಲನಶಾಸ್ತ್ರದ ತಜ್ಞ ಡಗ್ ಮಿಲಿಕನ್ ಅದಕ್ಕೆ ನೆರವಾದವರು. ಅದೇ ಕಾಲಕ್ಕೆ ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಸೆಯ್ಕಾ ಮತ್ತು ಸಂಗಡಿಗರು ಟೈರಿನ ಹಿಡಿತವನ್ನು ವಿವರಿಸುವ ಒಂದು ಸೂತ್ರವನ್ನು 1987ರಲ್ಲಿ ಪ್ರಕಟಿಸಿದರು. ಟೈರು ಎಷ್ಟು ಜಾರಿದರೆ ಎಷ್ಟು ಹಿಡಿತ, ಭಾರ ಎಷ್ಟಾದರೆ ಹಿಡಿತ ಎಷ್ಟು ಎಂಬುದನ್ನು ಅಳತೆಗಳಿಗೆ ಹೊಂದುವಂತೆ ಅದು ಹೇಳುತ್ತಿದ್ದುದರಿಂದ ಎಂಜಿನಿಯರುಗಳು ಅದನ್ನು 'ಮಾಂತ್ರಿಕ ಸೂತ್ರ' ಎಂದೇ ಕರೆದರು. ನಿಜವನ್ನು ಅನುಕರಿಸಬಯಸಿದ ಆಟಗಳಿಗೆ ಇಂಥ ಸೂತ್ರಗಳೇ ಬೆನ್ನೆಲುಬಾದವು. ನಾನು ಮೇಲೆ ಹೇಳಿದ ಮೂಟೆ ಹೊತ್ತ ಆಳಿನ ನ್ಯಾಯ ಗಣಿತದ ರೂಪದಲ್ಲಿ ಪರದೆಯೊಳಗೆ ಹೊಕ್ಕಿದ್ದು ಹೀಗೆ.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಕಝುನೊರಿ ಯಮೌಚಿಯವರ 'ಗ್ರಾನ್ ಟುರಿಸ್ಮೊ' ಬಿಡುಗಡೆಯಾಯಿತು. ಶಿಕ್ಷಕನಾದ ನನ್ನನ್ನು ಅದರಲ್ಲಿ ಸೆಳೆದದ್ದು ಪಂದ್ಯವಲ್ಲ, ಪರೀಕ್ಷೆ. ದೊಡ್ಡ ಪಂದ್ಯಗಳಲ್ಲಿ ಭಾಗವಹಿಸಲು ಆಟಗಾರನು ಮೊದಲು ಪರವಾನಗಿ ಪಡೆಯಬೇಕು. ಆ ಪರವಾನಗಿಯ ಮೊಟ್ಟಮೊದಲ ಪಾಠ ಏನು ಗೊತ್ತೇ? ಹೊರಟು, ವೇಗ ಕೂಡಿಸಿ, ಗುರುತು ಹಾಕಿದ ಪಟ್ಟಿಯೊಳಗೆ ನಿಲ್ಲುವುದು! ಮುಂದೆ ಹೋದರೂ ಅನುತ್ತೀರ್ಣ. ಪಠ್ಯಕ್ರಮ ರಚಿಸಿದವನು ಯಾರೇ ಆಗಿರಲಿ, ಅವನಿಗೆ ಬೋಧನೆಯ ಮರ್ಮ ತಿಳಿದಿತ್ತು.

ಈ ಆಟದ ಸರಣಿಗೆ ಭಾರದ, ವೇಗದ ವಿದ್ಯುತ್ ಕಾರುಗಳೂ ಕ್ರಮೇಣ ಬಂದು ಸೇರಿದವು. 2013ರ ಆವೃತ್ತಿಯಲ್ಲಿ ಟೆಸ್ಲಾ ಮಾಡೆಲ್ ಎಸ್ ಇತ್ತು. 2019ರಲ್ಲಿ ಟೈಕಾನ್ ಬಂತು. 2022ರ ಏಳನೆಯ ಆವೃತ್ತಿಯಲ್ಲಿಯೂ ಅದು ಮುಂದುವರಿಯಿತು. ಪೆಟ್ರೋಲ್ ಕಾರುಗಳಲ್ಲಿ ಪಳಗಿದ ಹುಡುಗರು ಇವುಗಳಲ್ಲಿ ಎಡವುವುದನ್ನು ನಾನು ಮೊಮ್ಮಗನ ಬೆನ್ನ ಹಿಂದೆ ಕುಳಿತು ಗಮನಿಸಿದ್ದೇನೆ. ಅವರಿಗೆ ತಿಳಿಯದೆಯೇ ಅವರು ಕಿವಿಯಿಂದ ಬ್ರೇಕು ಹಾಕುತ್ತಾರೆ. ಎಂಜಿನ್ನಿನ ಸದ್ದು ಏರಿ, ಗೇರು ಬದಲಾಗಿ, ಮತ್ತೆ ಏರುವುದನ್ನು ಕೇಳಿ ವೇಗವನ್ನು ಅಳೆಯುತ್ತಾರೆ. ವಿದ್ಯುತ್ ಕಾರಿನಲ್ಲಿ ಆ ಏರಿಳಿತವಿಲ್ಲ. ಒಂದೇ ಸಣ್ಣ ಸಿಳ್ಳು. ನೂರರಲ್ಲಿದ್ದೇನೆಂದುಕೊಂಡವನು ನೂರೆಪ್ಪತ್ತರಲ್ಲಿರುತ್ತಾನೆ. ಮೇಲಾಗಿ, ಮೋಟಾರಿನ ತಿರುಚು ಬಲ ಪೆಡಲು ಒತ್ತಿದ ಕ್ಷಣದಲ್ಲಿಯೇ ಪೂರ್ತಿಯಾಗಿ ದೊರೆಯುವುದರಿಂದ ತಿರುವಿನಿಂದ ಹೊರಬರುವಾಗ ಅವಸರಪಟ್ಟರೆ ಟೈರಿನ ಗಂಟು ಹಣ ಮುಗಿದು ಕಾರು ಮತ್ತೆ ಹೊರಕ್ಕೆ ಜಾರುತ್ತದೆ.

ನಾವಿಬ್ಬರೂ ಕುಳಿತು ಒಂದು ಪ್ರಯೋಗ ಮಾಡಿದೆವು. ಅದೇ ಹಾದಿ, ಅದೇ ತಿರುವು, ಎರಡು ಕಾರು. ಬ್ರೇಕು ಒತ್ತಬೇಕಾದ ಜಾಗವನ್ನು ಹಾದಿಯ ಪಕ್ಕದ ಫಲಕಗಳ ಲೆಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಹಗುರ ಕಾರು ಕ್ಷಮಿಸುತ್ತಿದ್ದ ವಿಳಂಬವನ್ನು ಭಾರದ ಕಾರು ಕ್ಷಮಿಸಲಿಲ್ಲ. ಬೇಗ ಒತ್ತಬೇಕು; ಚಕ್ರ ನೆಟ್ಟಗಿರುವಾಗಲೇ ಹೆಚ್ಚಿನ ವೇಗವನ್ನು ಕಳೆದುಕೊಳ್ಳಬೇಕು; ತಿರುವಿನೊಳಗೆ ಸಮಾಧಾನದಿಂದಿರಬೇಕು; ಕಾರು ನೇರವಾದ ಮೇಲಷ್ಟೇ ಪೆಡಲು ಒತ್ತಬೇಕು. ಎರಡನೆಯ ದಿನದ ಸಂಜೆಗೆ ಹುಡುಗ ಆ ತಿರುವನ್ನು ಮರಳಿಗಿಳಿಯದೆ ದಾಟತೊಡಗಿದ. ನಿಧಾನವಾಗಿ ಒಳಹೋಗಿದ್ದರಿಂದ ಸುತ್ತಿನ ಒಟ್ಟು ಕಾಲ ಕಡಿಮೆಯಾಗಿತ್ತು ಎಂಬುದೇ ಅವನಿಗೆ ದೊಡ್ಡ ಸೋಜಿಗ.

ಪರದೆಯ ಹೊರಗಿನ ಚರಿತ್ರೆಯೂ ಇದೇ ಪಾಠವನ್ನು ಕಲಿಯುತ್ತಿತ್ತು. 2017ರ ಜೂನ್ 10ರಂದು ಸ್ವಿಟ್ಜರ್ಲೆಂಡಿನ ಹೆಂಬರ್ಗ್ ಗುಡ್ಡದ ಓಟದಲ್ಲಿ ಟೀವಿ ನಿರೂಪಕ ರಿಚರ್ಡ್ ಹ್ಯಾಮಂಡ್ ಸಾವಿರಕ್ಕೂ ಮಿಕ್ಕ ಅಶ್ವಶಕ್ತಿಯ ರಿಮಾಕ್ ಕಾನ್ಸೆಪ್ಟ್ ಒನ್ ಎಂಬ ಕ್ರೊಯೇಷಿಯಾದ ವಿದ್ಯುತ್ ಕಾರನ್ನು ಓಡಿಸುತ್ತಿದ್ದರು. ಅಂತಿಮ ಗೆರೆಯನ್ನು ದಾಟಿಯಾಗಿತ್ತು. ಗೆರೆಯಾಚೆಯ ತಿರುವಿನಲ್ಲಿ ಕಾರು ಹಿಡಿತ ತಪ್ಪಿ, ಇಳಿಜಾರಿನಲ್ಲಿ ಉರುಳಿ, ಹೊತ್ತಿ ಉರಿಯಿತು. ಹ್ಯಾಮಂಡ್ ಹೊರಬಂದರು, ಮೊಣಕಾಲು ಮುರಿದಿತ್ತು. ಗಡಿಯಾರದ ಲೆಕ್ಕ ಮುಗಿದ ಮೇಲೂ ಕಾರಿನ ಲೆಕ್ಕ ಮುಗಿದಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಅದೇ ರಿಮಾಕ್ ಕಂಪನಿ 2023ರಲ್ಲಿ ಎರಡು ಟನ್ನಿಗೂ ಹೆಚ್ಚು ತೂಕದ ತನ್ನ ನೆವೇರಾ ಕಾರಿನಿಂದ ಒಂದೇ ದಿನ 23 ದಾಖಲೆಗಳನ್ನು ಮಾಡಿತು. ಅವುಗಳಲ್ಲಿ ನನಗೆ ಮುಖ್ಯವೆನಿಸಿದ್ದು ಒಂದು. ನಿಂತಲ್ಲಿಂದ ಹೊರಟು ಗಂಟೆಗೆ 400 ಕಿ.ಮೀ. ಮುಟ್ಟಿ ಮತ್ತೆ ಪೂರ್ತಿ ನಿಲ್ಲಲು ಅದು ತೆಗೆದುಕೊಂಡ ಕಾಲ 29.93 ಸೆಕೆಂಡು. 2017ರಲ್ಲಿ ಬುಗಾಟಿ ಶಿರೋನ್ ಎಂಬ ಪೆಟ್ರೋಲ್ ಕಾರಿಗೆ ಇದೇ ಕೆಲಸಕ್ಕೆ 41.96 ಸೆಕೆಂಡು ಹಿಡಿದಿತ್ತು. ಜೆನಾಟ್ಸಿ ಒಂದು ಕಿಲೋಮೀಟರು ಓಡಲು 34 ಸೆಕೆಂಡು ತೆಗೆದುಕೊಂಡದ್ದು ನೆನಪಿದೆಯಲ್ಲವೇ? ಅಷ್ಟು ಹೊತ್ತಿನೊಳಗೆ ಈ ಕಾರು ಅವನ ವೇಗದ ಸುಮಾರು ನಾಲ್ಕು ಪಟ್ಟನ್ನು ಮುಟ್ಟಿ ನಿಂತೇಬಿಟ್ಟಿತ್ತು. ನಿಲ್ಲುವ ಕಾಲವನ್ನೂ ದಾಖಲೆಯೊಳಗೆ ಸೇರಿಸಿ ಎಣಿಸುವ ಸಂಪ್ರದಾಯ ಬಂದದ್ದು ನನಗೆ ಆ ಸೆಕೆಂಡುಗಳಿಗಿಂತ ಹೆಚ್ಚು ಸಂತೋಷ ಕೊಟ್ಟಿತು.

ಭಾರವನ್ನು ಇಳಿಸಿದರೆ ಏನಾಗುತ್ತದೆ ಎಂಬುದನ್ನು ಫಾರ್ಮುಲಾ ಇ ಎಂಬ ವಿದ್ಯುತ್ ಕಾರುಗಳ ಪಂದ್ಯಮಾಲೆ ತೋರಿಸಿದೆ. 2014ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಲ್ಲಿ ಅದು ಆರಂಭವಾದಾಗ ಒಂದು ಬ್ಯಾಟರಿ ಇಡೀ ಪಂದ್ಯಕ್ಕೆ ಸಾಲದೆ ಚಾಲಕರು ನಡುವೆ ಇಳಿದು ಇನ್ನೊಂದು ಕಾರು ಹತ್ತುತ್ತಿದ್ದರು. 2023ರಲ್ಲಿ ಬಂದ ಮೂರನೆಯ ಪೀಳಿಗೆಯ ಕಾರು ಚಾಲಕನೂ ಸೇರಿ 840 ಕಿಲೋಗ್ರಾಂ. ಅದರ ಮೋಟಾರುಗಳು 600 ಕಿಲೋವ್ಯಾಟ್ ದರದಲ್ಲಿ ಶಕ್ತಿಯನ್ನು ಹಿಂಪಡೆಯುತ್ತವೆ. ಮೋಟಾರುಗಳೇ ಇಷ್ಟನ್ನು ಹಿಂಪಡೆಯುವುದರಿಂದ ಹಿಂದಿನ ಚಕ್ರಗಳಿಗೆ ಎಂದಿನ ಎಣ್ಣೆ ಬ್ರೇಕೇ ಬೇಡವೆಂದು ತೆಗೆದುಹಾಕಿದರು. ಆದರೂ ಸುರಕ್ಷತೆಗಾಗಿ ಒಂದು ತುರ್ತು ಬ್ರೇಕನ್ನು ಆ ಮೊದಲ ಋತುವಿನಲ್ಲಿಯೇ ಸೇರಿಸಬೇಕಾಯಿತು. ಶತಮಾನದ ಹಿಂದಿನ ಟ್ರಾಮಿನ ಎಂಜಿನಿಯರುಗಳಿಗೆ ಇದು ಅಪರಿಚಿತವೆನಿಸುತ್ತಿರಲಿಲ್ಲ!

ಆ ಕಾರುಗಳು 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದ ಬೀದಿಗಳಲ್ಲಿ ಓಡಿದವು. ಗೆದ್ದವರು ಫ್ರಾನ್ಸಿನ ಝಾನ್-ಎರಿಕ್ ವೆರ್ನ್. ಆ ಪಂದ್ಯಮಾಲೆಯಲ್ಲಿ ಮೊದಲಿನಿಂದಲೂ ಇರುವ ಭಾರತದ ತಂಡ ಮಹೀಂದ್ರ. ಆ ಸಂಸ್ಥೆ 2010ರಲ್ಲಿ ಕೈವಶ ಮಾಡಿಕೊಂಡದ್ದು ನಮ್ಮ ಬೆಂಗಳೂರಿನ ರೇವಾ ಕಂಪನಿಯನ್ನು. ಚೇತನ್ ಮೈನಿಯವರ ಆ ಪುಟ್ಟ ಎರಡು ಬಾಗಿಲ ಕಾರು 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದದ್ದು ಹಲವರಿಗೆ ನೆನಪಿರಬಹುದು. ಸೀಸದ ಬ್ಯಾಟರಿ, ಗಂಟೆಗೆ 80 ಕಿ.ಮೀ. ಮೀರದ ವೇಗ, ಕಂಡವರ ನಗೆಚಾಟಿಕೆ. ಆದರೆ ಬ್ರೇಕು ಒತ್ತಿದಾಗ ಶಕ್ತಿಯನ್ನು ಬ್ಯಾಟರಿಗೆ ಹಿಂತಿರುಗಿಸುವ ಏರ್ಪಾಡು ಅದರಲ್ಲಿತ್ತು. ಹುಲಿಯಾಗುವ ಆಸೆಯಿಲ್ಲದ ಆ ಕಾರಿಗೆ ಎಮ್ಮೆಯಾಗುವ ಭಯವೂ ಇರಲಿಲ್ಲ.

ಇಷ್ಟೆಲ್ಲ ಬರೆದದ್ದು ಬರಿಯ ಕುತೂಹಲಕ್ಕಲ್ಲ. 1990ರ ದಶಕದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಚಲನೆಯ ಸಮೀಕರಣಗಳಲ್ಲಿ ಅವನಿಗೆ ಸದಾ ಪೂರ್ಣ ಅಂಕ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುತ್ತದೆ ಎಂದು ಕರಿಹಲಗೆಯ ಮೇಲೆ ಸಾಧಿಸಿ ತೋರಿಸಿದವನು ಅವನೇ. ಕಾಲೇಜು ಸೇರಿದ ಎರಡನೆಯ ವರ್ಷ ಊರ ಹೊರಗಿನ ತಿರುವಿನಲ್ಲಿ ಮೋಟಾರ್ ಸೈಕಲ್ ನಿಲ್ಲದೆ ಹೋಗಿಬಿಟ್ಟ. ಅವನ ತಂದೆ ಆಮೇಲೆ ಒಮ್ಮೆ ಶಾಲೆಗೆ ಬಂದು ಅವನ ಹಳೆಯ ಉತ್ತರಪತ್ರಿಕೆಗಳೇನಾದರೂ ಉಳಿದಿವೆಯೇ ಎಂದು ಕೇಳಿದ್ದರು. ತಲೆಯಲ್ಲಿದ್ದ ಸೂತ್ರ ಕಾಲಿಗೆ ಇಳಿದಿರಲಿಲ್ಲ. ಅದನ್ನು ಕಾಲಿಗೆ ಇಳಿಸುವ ಸಾಧನ ನನ್ನ ಸೀಮೆಸುಣ್ಣದಲ್ಲಿರಲಿಲ್ಲ. ಇಂದಿನ ಆಟಗಳಲ್ಲಿ ಅದು ಇದೆ ಎಂಬುದೇ ಅವುಗಳ ಬಗ್ಗೆ ನನಗಿರುವ ಗೌರವ. ಆದರೆ ಒಂದು ಗುಂಡಿ ಒತ್ತಿದರೆ ಒಡೆದ ಕಾರು ಮತ್ತೆ ಹೊಸದಾಗಿ ಗೆರೆಯ ಮೇಲೆ ನಿಲ್ಲುತ್ತದೆ ಎಂಬುದೇ ಅವುಗಳ ಬಗ್ಗೆ ನನಗಿರುವ ಅಂಜಿಕೆ.

ಕೆಲವು ತಿಂಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬರು ತಾವು ಕೊಂಡ ವಿದ್ಯುತ್ ಕಾರಿನಲ್ಲಿ ನನ್ನನ್ನು ಕರೆದೊಯ್ದರು. ಪೆಡಲು ಒತ್ತಿದಾಗ ನನ್ನ ಬೆನ್ನು ಆಸನಕ್ಕೆ ಅಂಟಿಕೊಂಡಿತು. ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತದೆ ಎಂದು ಕೇಳಿದೆ, ದಶಮಾಂಶದವರೆಗೆ ಹೇಳಿದರು. ಕಾರಿನ ತೂಕವೆಷ್ಟು, ನೂರರಿಂದ ನಿಲ್ಲಲು ಎಷ್ಟು ಮೀಟರು ಬೇಕು ಎಂದು ಕೇಳಿದೆ; ಸುಮ್ಮನಾದರು. ಆಮೇಲೆ ನಗುತ್ತ, "ಸಾರ್, ನೀವು ಇನ್ನೂ ಪಾಠ ನಿಲ್ಲಿಸಿಲ್ಲ" ಎಂದರು. ಮನೆಗೆ ಹೋದ ಮೇಲೆ ಕೈಪಿಡಿಯಲ್ಲಿ ಹುಡುಕಿ ತೂಕವನ್ನು ಫೋನಿನಲ್ಲಿ ತಿಳಿಸಿದರು: ಎರಡು ಟನ್ನಿಗೆ ತುಸು ಕಡಿಮೆ.

ಓದುಗ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಇಂಥ ಆಟ ಆಡುವ ಮಕ್ಕಳಿದ್ದರೆ ಅವರನ್ನು ಗದರಿಸುವ ಮುನ್ನ ಅರ್ಧ ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಹಗುರ ಕಾರು, ಒಂದು ಭಾರದ ವಿದ್ಯುತ್ ಕಾರು, ಒಂದೇ ತಿರುವು. ಬ್ರೇಕು ಒತ್ತುವ ಜಾಗವನ್ನು ಬರೆದಿಡಲು ಹೇಳಿ. ಆಮೇಲೆ ಅವರನ್ನು ರಸ್ತೆಗೆ ಕರೆತಂದು, 39 ಮೀಟರನ್ನು ಹೆಜ್ಜೆಯಿಂದ ಅಳೆದು ತೋರಿಸಿ. ಸುಮಾರು ಐವತ್ತೆರಡು ಹೆಜ್ಜೆ ಆಗುತ್ತದೆ. ಕಣ್ಣು ಕಂಡದ್ದನ್ನು ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಅದಕ್ಕೆ ಇನ್ನೂ ಮೂವತ್ತೇಳು ಹೆಜ್ಜೆ ಸೇರಿಸಬೇಕು. ಹಾಗೆ ನಡೆದು ನೋಡಿದ ಮಕ್ಕಳು ಏನೆಂದರು ಎಂಬುದನ್ನು ನನಗೆ ಬರೆದು ತಿಳಿಸಿದರೆ ಸಂತೋಷ.